ಬಿಳಿ ಪಿನ್ನಿನ ಸಪ್ತಾಹ

ಹೆಬ್ಬಾಳದಾಚೆಯ ನಮ್ಮ ಹಳ್ಳಿ ಸಿಂಗಾಪುರದಲ್ಲಿ ಮನೆಗಳಿಗಿಂತ ಸೈಟ್ ಕಲ್ಲುಗಳೇ ಹೆಚ್ಚಿದ್ದ ಕಾಲ ಅದು. ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಅಳೆದು ಕಲ್ಲು ನೆಟ್ಟಿದ್ದರು, ಮನೆ ಕಟ್ಟುವವರು ಇನ್ನೂ ಬಂದಿರಲಿಲ್ಲ. ಆ ಕಲ್ಲುಗಳ ನಡುವೆ ನಾವು ಹುಡುಗಿಯರು ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ದೇವನಹಳ್ಳಿಯ ಏರ್‌ಪೋರ್ಟ್ ಆಗಷ್ಟೇ ಶುರುವಾಗಿತ್ತು. ವಿಮಾನ ಹೋದಾಗಲೆಲ್ಲ ನಾನು ಒಂಟಿಕಾಲಲ್ಲೇ ಕತ್ತೆತ್ತಿ ನೋಡಿ, ಗೆರೆ ತುಳಿದು ಔಟಾಗುತ್ತಿದ್ದೆ. ಎಂಟನೇ ಕ್ಲಾಸಿನ ದಸರಾ ರಜ. ನಿಮ್ಮಲ್ಲೂ ಕೆಲವರು ಅಂಥ ಸೈಟುಗಳಲ್ಲಿ ಮೊಣಕಾಲು ತರಚಿಕೊಂಡಿರುತ್ತೀರಿ. ನಾನು ಬಿದ್ದ ಜಾಗದಲ್ಲಿ ಈಗ ಒಂದು ಬೇಕರಿ ಇದೆ.

ನನ್ನ ಚಿಕ್ಕಪ್ಪ ಶಿವಣ್ಣ ಊರಿಗೆಲ್ಲ ಶಾಮಿಯಾನ, ಚೇರು, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಹಳೇ ದನದ ಕೊಟ್ಟಿಗೆಯೇ ಅವನ ಗೋಡೌನು. ಒಳಗೆ ಕಾಲಿಟ್ಟರೆ ಒದ್ದೆ ಜಮಖಾನದ ವಾಸನೆ, ಅದರ ಜೊತೆಗೆ ಬಿಸಿಯಾದ ಆಂಪ್ಲಿಫೈಯರಿನ ಸುಟ್ಟ ಧೂಳಿನ ವಾಸನೆ, ಎಲ್ಲೋ ಮೂಲೆಯಲ್ಲಿ ಇನ್ನೂ ಉಳಿದಿದ್ದ ಗಂಜಲದ ಘಾಟು. ನನಗೆ ಅಲ್ಲಿದ್ದಷ್ಟು ಸುಖ ಇನ್ನೆಲ್ಲೂ ಇರಲಿಲ್ಲ. ಮದುವೆಯಿರಲಿ, ರಾಜ್ಯೋತ್ಸವವಿರಲಿ, ಬೆಳಗ್ಗೆ ಮೊದಲು ಕೇಳುತ್ತಿದ್ದದ್ದು ಚಿಕ್ಕಪ್ಪನ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’. ಊರವರ ಮದುವೆಗಳಿಗೆಲ್ಲ ಹಾಡು ಹಾಕಿದ, ತಾನು ಮಾತ್ರ ಮದುವೆಯಾಗಲಿಲ್ಲ. ಅದಕ್ಕೇ ಏನೋ ನನ್ನ ಮೇಲೆ ಅವನಿಗೆ ವಿಪರೀತ ಅಕ್ಕರೆ.

ಆ ವರ್ಷ ಗಣೇಶನ ಗಲಾಟೆಯೆಲ್ಲ ಮುಗಿದ ಮೇಲೆ ಒಂದು ದಿನ ಅವನು ನನ್ನನ್ನು ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಸಂಜಯನಗರಕ್ಕೆ ಹೊರಟ. ಕಿವಿ ಡಾಕ್ಟರ್ ಹತ್ತಿರ. “ಅವ್ರು ಇಂಗ್ಲಿಷಲ್ಲಿ ಏನಾದ್ರೂ ಅಂದ್ರೆ ನೀನು ಹೇಳು” ಎಂದ. ಡಾಕ್ಟರು ಒಳ್ಳೆ ಕನ್ನಡದವರೇ. ಚಿಕ್ಕಪ್ಪನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತಲು ಹೇಳಿದರು. ಹೊರಗೆ ಒಬ್ಬ ಮೇಡಂ ಗುಂಡಿ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಒಂದು ಸಣ್ಣ ಲೈಟು ಹತ್ತುತ್ತಿತ್ತು. ಲೈಟು ಹತ್ತುತ್ತಿತ್ತು, ಚಿಕ್ಕಪ್ಪನ ಬೆರಳು ಏಳುತ್ತಿರಲಿಲ್ಲ. ಎತ್ತು ಚಿಕ್ಕಪ್ಪ, ಎತ್ತೋ ಎಂದು ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ಅವನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಲೇ ಇದ್ದ.

“ಬಲಗಿವಿ ಹೋಗಿ ಎಷ್ಟೋ ವರ್ಷ ಆಗಿದೆ. ಎಡಗಿವೀನೂ ಇಳೀತಾ ಇದೆ. ಇನ್ನೊಂದೆರಡು ವರ್ಷ ಕೇಳಿಸಿದ್ರೆ ಹೆಚ್ಚು. ಈ ಸೌಂಡಿನ ಕೆಲ್ಸ ಬಿಡ್ಬೇಕು” ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿದ.

“ಏನಂತಮ್ಮ?”

ಅಷ್ಟನ್ನೂ ನಾನೇ ಅವನ ಎಡಗಿವಿಗೆ ಬಾಯಿಟ್ಟು ಹೇಳಬೇಕಾಯಿತು. ನನಗಾಗ ಹದಿಮೂರು ವರ್ಷ. ಅವತ್ತಿನಷ್ಟು ಕಷ್ಟದ ಮಾತನ್ನು ಆಮೇಲೆ ನಾನು ಯಾರಿಗೂ ಹೇಳಿಲ್ಲ. ಅವನು ಎಲ್ಲ ಕೇಳಿ, “ಮನೇಲಿ ಹೇಳ್ಬೇಡ” ಎಂದ. ದಾರಿಯಲ್ಲಿ ಮಸಾಲೆಪುರಿ ಕೊಡಿಸಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಇಬ್ಬರೂ ಹೇಳಿಕೊಂಡೆವು.

ಅದಾದ ಎರಡು ವಾರಕ್ಕೆ ಮೇಖ್ರಿ ಸರ್ಕಲ್ ಕಡೆಯ ದೊಡ್ಡ ಮೈದಾನಕ್ಕೆ ಇನ್ನೂರು ಚೇರು ಬೇಕೆಂದು ಫೋನು ಬಂತು. ಆಯುಧಪೂಜೆಯ ಮಾರನೇ ದಿನ ಇಂಗ್ಲೆಂಡಿನ ಹಳೇ ಬ್ಯಾಂಡೊಂದು ಬರುತ್ತಿತ್ತು. ಮಾತಾಡಿ ಬರಲು ಹೋದ ಚಿಕ್ಕಪ್ಪ ಎರಡು ಪಾಸಿನ ಜೊತೆ ವಾಪಸು ಬಂದ. ಮುಖ ಕೆಂಪಾಗಿತ್ತು.

“ನಾಕು ಲಾರಿ ಕಣೇ ಪುಟ್ಟಿ! ನಾಕು ಲಾರಿ ತುಂಬ ಬರೀ ಸ್ಪೀಕರ್ ಬರ್ತವಂತೆ. ಇಪ್ಪತ್ತು ವರ್ಷದಿಂದ ನಾನು ಮಾಡಿದ್ದೆಲ್ಲ ಪೀಪಿ ಅಷ್ಟೇ. ಅಂಥ ಸೌಂಡ್ ಒಂದ್ಸಲ ಕೇಳ್ಬೇಕು, ಕಿವಿ ಹೋಗೋದ್ರೊಳಗೆ. ಇದೊಂದು. ಆಮೇಲೆ ಡಾಕ್ಟ್ರು ಹೇಳ್ದಂಗೆ ಬಿಟ್ಬಿಡ್ತೀನಿ.”

ನಮ್ಮ ಮಹಡಿಯ ಮೇಲೆ ಧಾರವಾಡದ ಪಾಟೀಲ್ ಸರ್ ಬಾಡಿಗೆಗಿದ್ದರು. ಕಾಲೇಜಿನಲ್ಲಿ ಮೇಷ್ಟ್ರು. ವಿಷಯ ಕೇಳಿ ಅವರು ಮೆಟ್ಟಿಲ ಮೇಲೇ ತಲೆಗೆ ಕೈಹಚ್ಚಿ ಕೂತರು. ಆ ಬ್ಯಾಂಡೆಂದರೆ ಅವರಿಗೆ ಪ್ರಾಣ, ಆದರೆ ಅದೇ ದಿನ ಊರಲ್ಲಿ ತಂಗಿಯ ನಿಶ್ಚಿತಾರ್ಥ. ಬಿಸ್ಕತ್ ಡಬ್ಬಿಯೊಂದರಲ್ಲಿ ಏಳು ಸಿ.ಡಿ. ಇಟ್ಟು ತಂದುಕೊಟ್ಟರು. “ನನ್ನ ಬದಲಿ ನೀವಾದ್ರೂ ಕೇಳ್ರಿ ಶಿವಣ್ಣ. ಆದ್ರ ಸುಮ್ನ ಹೋಗಬ್ಯಾಡ್ರಿ. ಈ ಏಳೂ ಆಲ್ಬಂ ಸಾಲಾಗಿ ಕೇಳಿ ಹೋಗ್ರಿ. ಹಾಡಿಂದ ಹಾಡಿಗೆ ಜಿಗೀಬ್ಯಾಡ್ರಿ, ಅವರು ಹ್ಯಾಂಗ ಬೆಳದ್ರು ಅಂಬೋದು ಆವಾಗ ಗೊತ್ತಾಗ್ತದ” ಎಂದು ಹೇಳಿ ಬಸ್ಸು ಹಿಡಿದರು.

ಅಜ್ಜಿ ಡಬ್ಬಿ ತೆಗೆದು ಮೊದಲ ಸಿ.ಡಿ.ಯ ಚಿತ್ರ ನೋಡಿದಳು. ಹೂವಿನ ಹೊಲದಲ್ಲಿ ಐದು ಜನ ಗಡ್ಡದವರು, ತಲೆಯ ಮೇಲೆ ನೇರಳೆ ಬಣ್ಣದ ಎರಡು ಚಂದ್ರ.

“ಇವ್ರೇನ್ಲಾ, ಜಟೆ ಬಿಟ್ಕೊಂಡವ್ರೆ? ಭಜನೆಯೋರಾ?”

“ಊಂ ಕಣವ್ವ, ಇಂಗ್ಲೆಂಡಿನ ಭಜನೆಯೋರು.”

“ಏಳು ಐತಾ? ಅಂಗಾದ್ರೆ ಸಪ್ತಾಹ ಮಾಡ್ರಿ. ದಿನಕ್ಕೊಂದು. ಮಧ್ಯ ಎದ್ದೋಗಂಗಿಲ್ಲ, ಮಾತಾಡಂಗಿಲ್ಲ. ಏಳು ದಿನ ಕೂತು ಕೇಳ್ದೋರಿಗೇ ಎಂಟ್ನೇ ದಿನದ ಮಂಗ್ಳಾರ್ತಿ.”

ನಮ್ಮೂರ ರಾಮಮಂದಿರದಲ್ಲಿ ವರ್ಷಕ್ಕೊಮ್ಮೆ ಏಳು ದಿನದ ಪಾರಾಯಣ ನಡೆಯುತ್ತಿತ್ತು. ಒಂದು ದಿನ ತಪ್ಪಿದರೂ ಅಜ್ಜಿಯ ಲೆಕ್ಕದಲ್ಲಿ ಅದು ಕೆಟ್ಟ ಹಾಗೆಯೇ. ಗಡ್ಡದವರಿಗೂ ಅದೇ ಕಾನೂನು ಬಂತು. ಸಾಯಂಕಾಲ ನಾಲ್ಕಕ್ಕೆ ಕೊಟ್ಟಿಗೆ ಗುಡಿಸಿ, ಊದುಬತ್ತಿ ಹಚ್ಚಿ, ಸ್ಪೀಕರ್ ಬಾಕ್ಸಿಗೆ ಕುಂಕುಮ ಇಟ್ಟು, ಅಜ್ಜಿ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಆಲ್ಬಂ ಮುಗಿದ ಮೇಲೆ ಕಡಲೆ ಗುಗ್ಗರಿ. ಚಿಕ್ಕಪ್ಪ ಮದುವೆ ಹಾಡು ಹಾಕುವ ಡಿ.ವಿ.ಡಿ. ಪ್ಲೇಯರನ್ನೇ ಆಂಪ್ಲಿಫೈಯರಿಗೆ ಸಿಕ್ಕಿಸಿದ. ನಾವಿಬ್ಬರೂ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು.

ಸತ್ಯ ಹೇಳುತ್ತೇನೆ, ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಹಾರ್ಮೋನಿಯಂ ಒಳಗೆ ಬೆಕ್ಕು ಸಿಕ್ಕಿಕೊಂಡಂಥ ಸದ್ದು. ಒಂದು ಕಡೆ ಯಾರೋ ನೀರಿನೊಳಗಿಂದ ಮಾತಾಡುತ್ತಿದ್ದರು. ಚಿಕ್ಕಪ್ಪ ತುಟಿ ಮೇಲೆ ಬೆರಳಿಟ್ಟು ಗದರಿದ. ಎರಡನೇ ದಿನ ನಗು ಬರಲಿಲ್ಲ. ತಂತಿಯೊಂದು ಹಿಂದುಮುಂದಾಗಿ ಮೀಟಿದ ಹಾಗೆ ಕೇಳುತ್ತಿತ್ತು, ಡೋಲು ಬಹಳ ದೂರದಿಂದ ನಡೆದು ಬಂದು ನಮ್ಮನ್ನು ದಾಟಿ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಕೊಟ್ಟಿಗೆಗೆ ಗೋಡೆಗಳೇ ಇರಲಿಲ್ಲ. ಅಯ್ಯೋ, ಹೀಗೂ ಒಂದು ಹಾಡು ಇರಬಹುದಾ ಎಂದು ನನಗೆ ಮೈ ಜುಮ್ಮೆಂದಿತು. ಗುಗ್ಗರಿ ತಿನ್ನುವುದೇ ಮರೆತುಹೋಯಿತು.

ಮೂರನೇ ದಿನದ ಎರಡನೇ ಹಾಡು ನಮ್ಮನ್ನು ಪೂರ್ತಿ ಬುಟ್ಟಿಗೆ ಹಾಕಿಕೊಂಡಿತು. ಅದರಲ್ಲಿ ದನಿಯೇ ಇಲ್ಲ. ಬರೀ ಡೋಲು, ಅದರ ಹಿಂದೆ ದಪ್ಪ ತಂತಿಯ ‘ಡುಮ್ ಡುಮ್’. ಎಂಟು ನಿಮಿಷ ಅದೇ. ಈಗ ಯಾರೋ ಬಾಯಿ ತೆಗೆಯುತ್ತಾರೆ ಎನ್ನಿಸುವ ಹಾಗೆ ಡೋಲು ಏರುತ್ತದೆ, ಇನ್ನೇನು ಬಂತು ಎನ್ನುವಾಗ ಮತ್ತೆ ಇಳಿಯುತ್ತದೆ. ಯಾರೂ ಬರುವುದಿಲ್ಲ. ಅವತ್ತು ಅಜ್ಜಿಯ ಕಾನೂನು ಮುರಿದು ಚಿಕ್ಕಪ್ಪ ಮಾತಾಡಿದ.

“ನೋಡ್ದಾ? ಬರುತ್ತೆ ಅನ್ಸುತ್ತೆ, ಬರಲ್ಲ. ಎಂಟು ನಿಮಿಷ ಸುಮ್ನೆ ನಿಂತಿದಾನಲ್ಲ ಹಾಡೋನು, ಅವನದು ಎದೆ ಅಂದ್ರೆ. ನಮ್ಮ ಆರ್ಕೆಸ್ಟ್ರಾದೋರಾಗಿದ್ರೆ ಇಷ್ಟೊತ್ತಿಗೆ ಮೂರು ಸಲ ಕಿರುಚಿರೋರು.”

ಅದಕ್ಕೆ ‘ಕಾಯೋ ಹಾಡು’ ಎಂದು ಹೆಸರಿಟ್ಟೆವು. ಆಲ್ಬಂ ಮುಗಿದ ಮೇಲೆ ಅದೊಂದನ್ನೇ ಮತ್ತೆ ಮತ್ತೆ ಹಾಕಿ, ಡೋಲು ಏರುವ ಜಾಗಗಳನ್ನು ಬೆರಳಲ್ಲಿ ಎಣಿಸಿ ಬಾಯಿಪಾಠ ಮಾಡಿಕೊಂಡೆವು. ನಾಲ್ಕನೇ ಏರಿಕೆಯಲ್ಲಿ ಚಿಕ್ಕಪ್ಪನ ಉಸಿರು ನಿಲ್ಲುತ್ತಿತ್ತು, ನನ್ನದೂ. ಅಂಥ ಇನ್ನೂ ಮೂರು ನಾಲ್ಕು ಹಾಡು ಸಿಕ್ಕವು. ಈ ಗಡ್ಡದವರಷ್ಟು ತಾಳ್ಮೆಯವರು ಭೂಮಿ ಮೇಲೆ ಇಲ್ಲವೆಂದು ನಾವು ತೀರ್ಮಾನಿಸಿದೆವು.

ನಾಲ್ಕನೇ ದಿನದ ಆಲ್ಬಂ ಮುಗಿಸಿ ಚಿಕ್ಕಪ್ಪ ಹೆಬ್ಬಾಳದ ಹತ್ತಿರದ ಗೃಹಪ್ರವೇಶವೊಂದರ ಶಾಮಿಯಾನ ಬಿಚ್ಚಲು ಹೋಗಿ ಮಳೆಯಲ್ಲಿ ತೊಯ್ದು ಬಂದ. ಮಾರನೇ ಬೆಳಗ್ಗೆ ಕಾಫಿ ಹಿಡಿದು ಅವನ ಎಡಗಡೆ ನಿಂತು ಕರೆದೆ. ತಿರುಗಲಿಲ್ಲ. ಕೂಗಿದೆ. ತಿರುಗಲಿಲ್ಲ. ಭುಜ ಮುಟ್ಟಿದ ಮೇಲೆ ನನ್ನ ಬಾಯನ್ನೇ ನೋಡುತ್ತ, “ನೆಗಡಿ ಪುಟ್ಟಿ. ಎಡಗಿವಿ ಕಟ್ಕೊಂಡಿದೆ” ಎಂದ. ತನ್ನ ದನಿ ತನಗೇ ಕೇಳದೆ ಬೇಕಾದ್ದಕ್ಕಿಂತ ಜೋರಾಗಿ ಹೇಳಿದ.

ನೆಗಡಿಯೋ, ಅಥವಾ ಡಾಕ್ಟರು ಹೇಳಿದ ಎರಡು ವರ್ಷ ಇಷ್ಟು ಬೇಗ ಮುಗಿದೇಹೋಯಿತೋ? ಯಾರಿಗೂ ಹೇಳುವ ಹಾಗಿಲ್ಲ. ಚೇರುಗಳ ಸಂದಿಯಲ್ಲಿ ಕೂತು ಅತ್ತೆ. ದೇವರ ಮೇಲೆ ಸಿಟ್ಟು ಬಂತು. ಇನ್ನು ಮೂರು ದಿನ ತಡೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದು ಚಿಕ್ಕಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಡಗಿವಿಗೆ ಮಾತ್ರ ಎರಡು ತೊಟ್ಟು ಬಿಟ್ಟಳು. ನಾನು ಏನೂ ಗೊತ್ತಿಲ್ಲದವಳ ಹಾಗೆ, “ಆ ಕಿವಿಗೆ ಹಾಕಲ್ವಾ ಅಜ್ಜಿ?” ಎಂದೆ.

“ಆ ಕಿವಿಗೆ ಆಕಿ ಏನ್ ಮಾಡ್ಲಿ? ಅದು ಓಗಿ ಆರು ವರ್ಸ ಆಯ್ತು. ನಾನು ಅವನ ಅವ್ವ ಕಣೇ. ನೀವಿಬ್ರೂ ಬಚ್ಚಿಟ್ರೆ ನಂಗೆ ಗೊತ್ತಾಗಲ್ವಾ?” ಎಂದು ಅವನ ತಲೆ ಸವರಿದಳು. ಅವನಿಗೆ ಈ ಮಾತು ಕೇಳಿಸಲಿಲ್ಲ. “ಸಪ್ತಾಹ ಮಾತ್ರ ನಿಲ್ಲಿಸ್ಬ್ಯಾಡ್ರಿ” ಎಂದಳು.

ನಿಲ್ಲಿಸಲಿಲ್ಲ. ಐದನೇ ಆಲ್ಬಮ್ಮನ್ನು ಚಿಕ್ಕಪ್ಪ ಸ್ಪೀಕರ್ ಬಾಕ್ಸಿನ ಮೇಲೆ ಅಂಗೈ ಒತ್ತಿ ಕೇಳಿದ. ಅವನ ಇನ್ನೊಂದು ಕೈ ನನ್ನ ಮಡಿಲಲ್ಲಿ. ಬಾಕ್ಸು ಹೇಳದ ಸಣ್ಣ ಸದ್ದುಗಳನ್ನೆಲ್ಲ ನಾನು ಅವನ ಅಂಗೈ ಮೇಲೆ ಬೆರಳಿನಿಂದ ಬಡಿದು ಹೇಳಿದೆ. ಆರನೆಯದೂ ಹಾಗೇ ಆಯಿತು. ಆಯುಧಪೂಜೆಯ ದಿನ ಏಳನೆಯದು. ಆಂಪ್ಲಿಫೈಯರಿಗೆ ಹೂವು ಮುಡಿಸಿ, ಬೂದುಗುಂಬಳಕಾಯಿ ಒಡೆದು ಕೂತೆವು. “ಹಾಡ್ತಿದಾರಾ?” ಎಂದು ಅವನು ನನ್ನ ಮುಖ ನೋಡುವನು. ಹೌದೆಂದು ತಲೆಯಾಡಿಸುವೆ. ಅವನು ನಗುವನು.

ಎಂಟನೇ ದಿನವೂ ಕಿವಿ ಬಿಡಲಿಲ್ಲ. ಮಧ್ಯಾಹ್ನ ಇಬ್ಬರೂ ಆಟೋ ಹತ್ತಿದೆವು. ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಅಲ್ಲಿ ಚಿಕ್ಕಪ್ಪನಿಗೆ ಸೀನು ಶುರುವಾಯಿತು. ಒಂದಲ್ಲ ಎರಡಲ್ಲ. ಐದನೆಯದಕ್ಕೆ ಹ್ಯಾಂಡಲ್ ಬಿಟ್ಟು ಕಿವಿ ಹಿಡಿದುಕೊಂಡ. ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿದ.

“ಪುಟ್ಟಿ! ಹಾರ್ನು! ಹಾರ್ನು ಕೇಳಿಸ್ತೈತೆ ಕಣೇ!”

ಬಸ್ಸಿನ ಡ್ರೈವರ್ ತಲೆ ಹೊರಹಾಕಿ, “ಏನ್ ಗುರು, ಮನೇಲಿ ಹೇಳಿ ಬಂದಿದ್ಯಾ?” ಎಂದು ಬೈದ. “ಇನ್ನೊಂದ್ಸಲ ಹೊಡಿ ಮಗಾ!” ಎಂದು ಚಿಕ್ಕಪ್ಪ ಕೈಮುಗಿದ. ಹೆಬ್ಬಾಳದ ಹಾರ್ನು ಕೇಳಿ ಆನಂದಬಾಷ್ಪ ಸುರಿಸಿದವನು ಇವನೊಬ್ಬನೇ ಇರಬೇಕು. ನಾನೂ ಅಳುತ್ತ ನಗುತ್ತ ಅವನ ಬೆನ್ನಿಗೆ ಗುದ್ದಿದೆ.

ಮೈದಾನದಲ್ಲಿ ಇನ್ನೂ ಬಿಸಿಲಿತ್ತು. ಬೆನ್ನ ಮೇಲೆ ತಾತನ ಹೆಸರಿನ ಅಕ್ಷರ ಬರೆದಿದ್ದ ನಮ್ಮ ಚೇರುಗಳನ್ನೇ ಹುಡುಕಿ ಕೂತೆವು. ಎದುರಿಗೆ ಕಪ್ಪು ಸ್ಪೀಕರುಗಳು ಎರಡು ಮಹಡಿ ಎತ್ತರಕ್ಕೆ ತೂಗುತ್ತಿದ್ದವು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಅವಕ್ಕೊಂದು ನಮಸ್ಕಾರ ಹಾಕಿದ. ಆಮೇಲೆ ಗಡ್ಡದವರು ಬಂದರು. ಅಯ್ಯೋ ದೇವರೇ, ಮುದುಕರು! ಗಡ್ಡ ಬೆಳ್ಳಗಾಗಿತ್ತು, ಒಬ್ಬರಿಗೆ ಗಡ್ಡವೇ ಇರಲಿಲ್ಲ. ಒಬ್ಬರು ಸ್ಟೂಲಿನ ಮೇಲೆ ಕೂತು ತಂತಿಯನ್ನು ಒಮ್ಮೆ ಮೀಟಿದರು.

ಆ ಸದ್ದು ನನಗೆ ಕಿವಿಯಿಂದ ಬರಲಿಲ್ಲ. ನೆಲದಿಂದ ಚೇರಿಗೆ, ಚೇರಿನಿಂದ ಪಕ್ಕೆಲುಬಿಗೆ ಬಂತು. ಉಸಿರಾಡುವುದಕ್ಕೂ ಅದರ ಅಪ್ಪಣೆ ಬೇಕೆನ್ನಿಸಿತು. ಮೋಡಗಳು ಕೆಂಪಾಗುತ್ತಿದ್ದವು, ಮೇಲೆ ಹದ್ದುಗಳು ಸುತ್ತುತ್ತಿದ್ದವು, ಸಾವಿರಾರು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಏಳು ದಿನ ನಮ್ಮ ಕೊಟ್ಟಿಗೆಯಲ್ಲಿ ಇಷ್ಟಿಷ್ಟೇ ಕಂಡದ್ದೆಲ್ಲ ಈಗ ಆಕಾಶದಷ್ಟಾಗಿ ಎದುರಿಗಿತ್ತು. ನಾನು ತೀರಾ ಚಿಕ್ಕವಳಾಗಿಬಿಟ್ಟೆ, ಅದರಲ್ಲೇ ಎಂಥ ಸಂತೋಷ! ಚಿಕ್ಕಪ್ಪ ಎಡಗಿವಿಯನ್ನು ವೇದಿಕೆಗೆ ಕೊಟ್ಟು, ನನ್ನ ಕಡೆ ಮುಖ ಮಾಡಿ ಕೂತಿದ್ದ. ಕಣ್ಣಿಂದ ಧಾರಾಕಾರ ನೀರು.

ಆಮೇಲೆ ಡೋಲು ಶುರುವಾಯಿತು. ನಮ್ಮ ಡೋಲು.

“ಕಾಯೋ ಹಾಡು!” ಚಿಕ್ಕಪ್ಪ ನನ್ನ ಕೈ ಹಿಡಿದ. ಒಂದನೇ ಏರಿಕೆ, ಎರಡು, ಮೂರು. ಇಬ್ಬರೂ ಬೆರಳು ಮಡಿಸುತ್ತ ಹೋದೆವು. ನಾಲ್ಕನೆಯದಕ್ಕೆ ನಾವು ಉಸಿರು ಕಟ್ಟಿದ ಜಾಗದಲ್ಲಿ, ಕೊಟ್ಟಿಗೆಯಲ್ಲಿ ಒಂದು ಸಲವೂ ಏನೂ ಬಾರದಿದ್ದ ಅದೇ ಜಾಗದಲ್ಲಿ, ಸ್ಟೂಲಿನ ಮೇಲಿದ್ದ ಮುದುಕರು ಬಾಯಿ ತೆಗೆದು ಹಾಡಿದರು.

ಇಡೀ ಮೈದಾನ ಅವರ ಜೊತೆ ಹಾಡಿತು. ಎಲ್ಲರಿಗೂ ಮಾತು ಗೊತ್ತಿತ್ತು. ಅಷ್ಟು ಜನರಲ್ಲಿ ಆ ಹಾಡಿಗೆ ದನಿಯಿದೆ ಎಂದು ಗೊತ್ತಿಲ್ಲದವರು ನಾವಿಬ್ಬರೇ.

“ಬಂತು” ಎಂದ ಚಿಕ್ಕಪ್ಪ. ಆಮೇಲೆ ಎದ್ದು ನಿಂತು, “ಬಂತಲ್ಲೇ ಪುಟ್ಟಿ! ಬಂತು!” ಎಂದು ಕೂಗಿದ. ನನ್ನ ಕೈ ನೋಯುವಷ್ಟು ಹಿಡಿದಿದ್ದ. ಇಷ್ಟು ದಿನ ಅದು ಎಲ್ಲಿತ್ತು, ಯಾಕೆ ಬರಲಿಲ್ಲ ಎಂದು ಕೇಳುವಷ್ಟು ಬುದ್ಧಿ ಇಬ್ಬರಿಗೂ ಉಳಿದಿರಲಿಲ್ಲ.

ಮಾರನೇ ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಚಿಕ್ಕಪ್ಪ ಡಿ.ವಿ.ಡಿ. ಪ್ಲೇಯರನ್ನು ತಿರುಗಿಸಿಟ್ಟುಕೊಂಡು ಕೂತಿದ್ದ. ಅದರಿಂದ ಹೊರಟ ಜೋಡಿ ವೈರಿನ ಬಿಳಿ ಪಿನ್ನು ಆಂಪ್ಲಿಫೈಯರಿನಲ್ಲಿತ್ತು. ಕೆಂಪು ಪಿನ್ನು ಧೂಳು ಹಿಡಿದು ನೇತಾಡುತ್ತಿತ್ತು.

“ಆಂಪ್ಲಿಫೈಯರಿಗೆ ಇರೋದು ಒಂದೇ ತೂತು ಅಂತ ಒಂದೇ ಪಿನ್ ಹಾಕ್ದೆ. ಬಿಳೀದು ಎಡಗಿವೀದು, ಕೆಂಪು ಬಲಗಿವೀದು. ಸಿನಿಮಾ ಹಾಡಲ್ಲಿ ದನಿ ಎರಡರಲ್ಲೂ ಇರುತ್ತೆ, ಗೊತ್ತಾಗ್ಲಿಲ್ಲ. ಇವ್ರು ಹಳೇ ಕಾಲದೋರು, ಡೋಲು ಒಂದು ಕಡೆ, ದನಿ ಒಂದು ಕಡೆ ಇಟ್ಬಿಟ್ಟಿದಾರೆ. ಎರಡು ಕಿವಿ ಇದ್ದೋನಾದ್ರೆ ಎರಡನೇದು ಎಲ್ಲಿ ಅಂತ ಕೇಳೋನು. ನಂಗೆ ಕೇಳ್ಬೇಕು ಅನ್ನಿಸ್ಲೇ ಇಲ್ಲ ನೋಡು” ಎಂದ. ಇಷ್ಟು ವರ್ಷ ಊರವರಿಗೆ ಅರ್ಧ ಹಾಡು ಹಾಕಿದೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಎರಡು ವೈರು ಹೆಣೆದು ಒಂದು ಮಾಡಿ ಸಿಕ್ಕಿಸಿದ. ನಾನು ಕುಣಿಯುತ್ತ ಮೂರನೇ ಸಿ.ಡಿ. ತಂದೆ. “ಹಾಕು ಚಿಕ್ಕಪ್ಪ, ಪೂರ್ತಿ ಕೇಳೋಣ.”

ಅವನು ಸಿ.ಡಿ. ತೆಗೆದುಕೊಂಡು ಪ್ಲೇಯರಿಗೆ ಹಾಕಿದ. ಆಮೇಲೆ ಹೆಣೆದದ್ದನ್ನು ಬಿಚ್ಚಿ, ಕೆಂಪು ವೈರನ್ನು ಈಚೆ ತೆಗೆದ.

“ಪೂರ್ತಿ ನೆನ್ನೆ ಕೇಳ್ದೆನಲ್ಲಮ್ಮ. ನನ್ನ ಕಿವೀಲಿ ಅದೇ ಉಳ್ಕೊಳ್ಲಿ. ಇಲ್ಲಿ ಕಾಯೋಣ, ಸಾಕು.”

ಅವತ್ತು ಇಬ್ಬರೂ ಕೂತು ಕಾದೆವು. ಅವನು ಮೈಕ್ ಸೆಟ್ ಮುಟ್ಟಿದ್ದು ಅದೇ ಕೊನೆ. ಚೇರು ಶಾಮಿಯಾನ ಮಾತ್ರ ಉಳಿಸಿಕೊಂಡ. ನಾನು ಪಿ.ಯು.ಸಿ. ಮುಗಿಸುವ ಹೊತ್ತಿಗೆ ಎಡಗಿವಿಯೂ ಹೋಯಿತು.

ಈಗ ಗಡ್ಡದವರ ಏಳು ಆಲ್ಬಂಗಳೂ ನನ್ನ ಫೋನಿನಲ್ಲಿವೆ. ಅವರು ಅರ್ಧಕ್ಕೆ ಬಿಟ್ಟ ಹಾಡುಗಳೂ ಇವೆ. ಒಂದನ್ನೂ ನಾನು ಕೊನೆಯವರೆಗೆ ಕೇಳುವುದಿಲ್ಲ, ಬೆರಳು ತಾನಾಗಿ ಮುಂದಕ್ಕೆ ತಳ್ಳುತ್ತದೆ. ಹೊರಗಿನಿಂದ ಬಾಗಿಲು ಎಳೆದುಕೊಳ್ಳಲು ಅಜ್ಜಿ ಇಲ್ಲ. ಕೊಟ್ಟಿಗೆಯಿದ್ದ ಕಡೆ ಕಾರು ನಿಲ್ಲುತ್ತವೆ. ಆ ಬ್ಯಾಂಡಿನಲ್ಲಿ ಈಗ ಬದುಕಿರುವವರು ಇಬ್ಬರೇ ಅಂತೆ.

ಹೋದ ದಸರಾದಲ್ಲಿ ಚಿಕ್ಕಪ್ಪನನ್ನು ನೋಡಲು ಹೋದಾಗ ಒಂದು ಸಣ್ಣ ಸ್ಪೀಕರ್ ಒಯ್ದಿದ್ದೆ. ಅವನ ಅಂಗೈಯನ್ನು ಅದರ ಮೇಲಿಟ್ಟು ಕಾಯೋ ಹಾಡು ಹಾಕಿದೆ. ಡೋಲು ಶುರುವಾದ ಕೂಡಲೇ ಗುರುತು ಹಿಡಿದು ನಕ್ಕ. ಒಂದು ಬೆರಳು ಮಡಿಸಿದ. ಎರಡು. ಮೂರು. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ, ತನಗೇ ಕೇಳದ ದನಿಯಲ್ಲಿ ಜೋರಾಗಿ ಹೇಳಿದ.

“ಬಂತು!”

ಸರಿಯಾಗಿ ಅದೇ ಜಾಗ. ಹಾಡುವವರ ದನಿ ನನಗೂ ಬಂತು, ಎರಡೂ ಕಿವಿಗೆ ಸ್ವಚ್ಛವಾಗಿ ಬಂತು. ಆದರೆ ಕಾದಿದ್ದವನು ಅವನೊಬ್ಬನೇ.